ಸೇತುವೆ ಕಂಬದ ಬುಡದ ಗುಂಡಿ: ಸುಳಿಯೋ, ಮಡುವೋ?

ಪ್ರಶ್ನೆ: ತಲಕಾಡಿನ ಬಳಿ ಕಾವೇರಿ ಸೇತುವೆಯ ಪಕ್ಕ ನಿಲ್ಲಿಸುವ ಫಲಕದ ಬರಹ ಇವತ್ತು ಸಂಜೆಯೊಳಗೆ ಬೇಕು. ಕಂಬದ ಬುಡದಲ್ಲಿ ನೀರು ಕೊರೆದ ಗುಂಡಿಗೆ ಎಂಜಿನಿಯರುಗಳು 'ಸ್ಕೌರ್ ಹೋಲ್' ಅನ್ನುತ್ತಾರೆ, ಕನ್ನಡದಲ್ಲಿ ಏನನ್ನೋಣ? ಕರಡಿನಲ್ಲಿ 'ಸುಳಿ' ಎಂದಿದೆ. ಅದೇ ಫಲಕದಲ್ಲಿ ಅಲಮೇಲಮ್ಮನ ಶಾಪದ ಸಾಲೂ ಬರುತ್ತದೆ: 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ' (ಮಾಲಂಗಿ ಹತ್ತಿರದ ಊರು).

ಉತ್ತರ ೧: 'ಸುಳಿ' ತಪ್ಪು. ಸುಳಿ ನೀರಿನ ಚಲನೆ, ನೆರೆ ಇಳಿದರೆ ಅದೂ ಇಲ್ಲ. ಮಡು ಜಾಗದ ಹೆಸರು: ಹೊಳೆ ಬತ್ತಿದರೂ ನೀರು ನಿಲ್ಲುವ ಆಳ. ಶಾಪದಲ್ಲಿ ಇರುವುದೂ 'ಮಾಲಂಗಿ ಮಡುವಾಗಲಿ' ಎಂದೇ. ತಮಿಳಿನಲ್ಲಿ ಮಡು, ತೆಲುಗಿನಲ್ಲಿ ಮಡುಗು, ನಮ್ಮಲ್ಲಿ ಮಡುಗಟ್ಟು. ಹಾಗೆಯೇ 'ಸೇತುವೆ' ತೆಗೆದು 'ಸಂಕ' ಹಾಕಿ, ಅಚ್ಚಗನ್ನಡ.

ಉತ್ತರ ೨:
> ಸಂಕ ಹಾಕಿ, ಅಚ್ಚಗನ್ನಡ

ಅಲ್ಲ. ಸಂಕ್ರಮದ ತದ್ಭವ ಅದು. ಸೇತುವೆ ಇರಲಿ.

ಮಡುವೂ ಇಲ್ಲಿ ಒಗ್ಗದು. ಮಾಲಂಗಿಯ ಮಡು ಹೊಳೆಯ ತಿರುವಿನ ಕೆಲಸ. ತಿರುವಿನ ಹೊರದಂಡೆಯನ್ನು ನೀರು ಬಿರುಸಾಗಿ ಒತ್ತಿ ಕೊರೆಯುತ್ತದೆ, ಒಳದಂಡೆಯಲ್ಲಿ ನಿಧಾನವಾಗಿ ಮರಳು ಇಳಿಸುತ್ತದೆ. ಮೇಲ್ಗಡೆ ಮಾಧವಮಂತ್ರಿ ಕಟ್ಟೆ ನೀರು ತಡೆದಾಗ ಪಾತ್ರದ ಮರಳು ಬಯಲಾಗಿ ಗಾಳಿಗೆ ಸಿಕ್ಕಿತು, ತಲಕಾಡಿನ ಗುಡಿಗಳ ಮೇಲೆ ಬಿತ್ತು ಎಂಬುದು ಒಂದು ವಿವರಣೆ.

ಕಂಬದ ಗುಂಡಿ ಬೇರೆ. ಕಂಬದ ಎದುರುಮುಖಕ್ಕೆ ಬಡಿದ ನೀರು ಕೆಳಕ್ಕೆ ಧುಮುಕಿ, ಬುಡವನ್ನು ಲಾಳದಂತೆ ಬಳಸಿಕೊಂಡು ಮರಳು ಎತ್ತುತ್ತದೆ. ನೆರೆ ಉಕ್ಕಿದಾಗ ಗುಂಡಿ ಅತಿ ಆಳ. ಇಳಿಯುತ್ತಿದ್ದಂತೆ ಸಡಿಲ ಮರಳು ಮತ್ತೆ ತುಂಬುತ್ತದೆ. ಬೇಸಿಗೆಯಲ್ಲಿ ಅಳೆದರೆ ನಿಜವಾದ ಆಳ ಸಿಗದು. ನೋಡಲು ನೆಲ, ಕಾಲಿಟ್ಟರೆ ಕುಸಿತ. ಕಡಲ್ಕೊರೆತ ಇದೆಯಲ್ಲ, ಹಾಗೇ 'ಬುಡಗೊರೆತ' ಅನ್ನಿ.

ಉತ್ತರ ೩: ಬುಡಗೊರೆತ ವರದಿಗೆ ಸರಿ. ಫಲಕ ಓದುವವರು ಈಜಲು ಬಂದವರು, ಅವರಿಗೆ ತಿಳಿಯದು. ವರದಿಗಾದರೂ 'ಸ್ಕೌರ್' ಸಾಕು. ಬಸ್ಸು, ಪಿಲ್ಲರು ಬಂದು ಕನ್ನಡವೇನೂ ಸಾಯಲಿಲ್ಲ.

ಉತ್ತರ ೧: ಕಂಬ ಇರುವಾಗ ಪಿಲ್ಲರು ತರುವುದು ಸೋಮಾರಿತನ. ಬಸ್ಸಿಗೆ ನಮ್ಮಲ್ಲಿ ಹೆಸರಿರಲಿಲ್ಲ, ಬಂತು. ನೀರು ನೆಲ ಕೊರೆಯುವುದು ಕನ್ನಡಕ್ಕೆ ಹೊಸದೇ?

ಉತ್ತರ ೨: ಆ ಜಗಳ ಆಮೇಲೆ. ಫಲಕಕ್ಕೆ ಪಾರಿಭಾಷಿಕ ಪದವೇ ಬೇಡ. ಹೀಗೆ ಬರೆಸಿ:

'ಕಂಬಗಳ ಬುಡದಲ್ಲಿ ನೀರು ಕೊರೆದ ಆಳವಾದ ಗುಂಡಿಗಳಿವೆ. ಮೇಲಿನ ಮರಳು ಕುಸಿಯುತ್ತದೆ. ನೀರಿಗೆ ಇಳಿಯಬೇಡಿ.'

ಇದು ಮೇಲೆ, ದೊಡ್ಡಕ್ಷರದಲ್ಲಿ. ಶಾಪದ ಸಾಲು ಕೆಳಗೆ, ಬೇರೆಯಾಗಿ, 'ಮಡುವಾಗಲಿ' ಮುಟ್ಟಬೇಡಿ. ಎರಡನ್ನೂ ಒಂದೇ ವಾಕ್ಯದಲ್ಲಿ ಹೊಸೆದರೆ ಗುಂಡಿ ಮಾಲಂಗಿಯಲ್ಲಿ ಮಾತ್ರ ಇದೆ ಎಂದುಕೊಂಡು ಕಂಬದ ಬಳಿಯೇ ಇಳಿಯುತ್ತಾರೆ.