ಭಕ್ತಿ ಗಟ್ಟಿಯಿದ್ದರೂ ಕೃತಿ ವಾಚ್ಯವಾಗುವುದೇಕೆ? ಕಥೋಲಿಕ ಕಥನ ಮತ್ತು ಕಲೆಯ ಬಗ್ಗೆ

ಅಂಚುಬರಹ (ಪ್ರಶ್ನೆ):

ಕಥೋಲಿಕ ಲೇಖಕರ ಮಾತು ಬಂದಾಗಲೆಲ್ಲ ಎರಡು ವಾದ ಎದ್ದೇಳುತ್ತವೆ. ನಂಬಿಕೆ ಇಟ್ಟುಕೊಂಡು ಬರೆದದ್ದು ಕೊನೆಗೆ ಉಪದೇಶವೇ ಆಗುತ್ತದೆ ಎಂಬುದು ಒಂದು. ವಿಷಯ ಪವಿತ್ರವಾಗಿರುವಾಗ ಕೃತಿಯ ಕುಂದು ಎಣಿಸಬಾರದು ಎಂಬುದು ಇನ್ನೊಂದು. ಎರಡೂ ಒಪ್ಪಿಗೆಯಾಗುವುದಿಲ್ಲ. ಅಮೆರಿಕದ ಫ್ಲಾನರಿ ಓಕಾನರ್, ಇಂಗ್ಲೆಂಡಿನ ಗ್ರಹಾಂ ಗ್ರೀನ್, ಫ್ರಾನ್ಸಿನ ಬರ್ನಾನೋಸ್ ಇವರು ಯಾರೂ ನಂಬಿಕೆಯನ್ನು ಬಾಗಿಲಾಚೆ ಬಿಟ್ಟು ಬರೆಯಲು ಕೂತವರಲ್ಲ. ಅದೇ ನಂಬಿಕೆಯಿಂದ ಹುಟ್ಟಿದ ಎಷ್ಟೋ ಮನಃಪರಿವರ್ತನೆಯ ಕತೆಗಳು, ಗುಲಾಬಿ ಕೆನ್ನೆಯ ಪ್ಲಾಸ್ಟರ್ ಪ್ರತಿಮೆಗಳು ಮಾತ್ರ ನೋಡಿದ ಮರುಗಳಿಗೆ ಮರೆತುಹೋಗುತ್ತವೆ.

ಕೆಡುವುದು ನಿಖರವಾಗಿ ಎಲ್ಲಿ? ಕತೆಯಲ್ಲಾದರೆ ಯಾವ ಪುಟದಲ್ಲಿ, ಚಿತ್ರದಲ್ಲಾದರೆ ಯಾವ ನಿರ್ಧಾರದಲ್ಲಿ? ಕಲಾವಿದನಿಗೆ ನಂಬಿಕೆ ಇರಲೇಬೇಕೆ ಎಂಬುದಕ್ಕೆ ಧರ್ಮಸಭೆಯ ಕಡೆಯಿಂದ ಏನಾದರೂ ಉತ್ತರ ಇದೆಯೇ? ತತ್ತ್ವಕ್ಕಿಂತ ಉದಾಹರಣೆ ಹಿಡಿದು ಹೇಳಿದರೆ ಉಪಕಾರ.

ಕರಡುಪ್ರತಿ:

ಹಳೆಯ ಭೇದವೊಂದರಿಂದ ಶುರುಮಾಡೋಣ. ಸಂತ ಥಾಮಸ್ ಅಕ್ವಿನಾಸರ ಪ್ರಕಾರ ಕಲೆ ನೋಡಬೇಕಾದದ್ದು ಮಾಡಿದ ವಸ್ತುವಿನ ಒಳಿತನ್ನು. ಮಾಡಿದವನ ಒಳಿತು ಬೇರೆ ಸದ್ಗುಣಗಳ ಪಾಲಿನದು. ಫ್ರೆಂಚ್ ತತ್ತ್ವಜ್ಞಾನಿ ಜಾಕ್ ಮಾರಿತೇನ್ 1920ರ ‘ಆರ್ಟ್ ಅಂಡ್ ಸ್ಕೊಲಾಸ್ಟಿಸಿಸಂ’ ಪುಸ್ತಕದಲ್ಲಿ ಇದನ್ನು ಮುಂದುವರಿಸಿದರು: ನೀನು ಕ್ರೈಸ್ತನಾಗಿರು, ಆಮೇಲೆ ಸುಂದರವಾದದ್ದನ್ನು ಮಾಡು, ಕೃತಿಗೆ ಕ್ರೈಸ್ತತನ ಬಳಿಯಲು ಹೋಗಬೇಡ ಎಂಬುದು ಅವರ ನಿಲುವು. ಓಕಾನರ್ ತಮ್ಮ ಕಲಾವಿಚಾರವನ್ನು ಕಲಿತದ್ದು ಈ ಪುಸ್ತಕದಿಂದಲೇ.

ಕತೆ ಕೆಡುವುದು ಕೃಪೆ, ಅಂದರೆ ದೇವರ ಅನುಗ್ರಹ, ಕತೆಯೊಳಗಿಂದ ಬರದೆ ಲೇಖಕನ ಕೈಯಿಂದ ಬಂದಾಗ. ಓಕಾನರ್ 1953ರಲ್ಲಿ ಪ್ರಕಟಿಸಿದ ‘ಎ ಗುಡ್ ಮ್ಯಾನ್ ಈಸ್ ಹಾರ್ಡ್ ಟು ಫೈಂಡ್’ ಕತೆಯನ್ನು ನೋಡಿ. ಜಂಬದ ಅಜ್ಜಿಯೊಬ್ಬಳು ಕೊಲೆಗಾರನ ಮುಂದೆ ಕೂತಿದ್ದಾಳೆ. ತನ್ನ ಪ್ರಾಣ ಉಳಿಸಿಕೊಳ್ಳಲು ಅಲ್ಲಿಯವರೆಗೆ ಅವಳು ಆಡಿದ ದೇವರ ಮಾತುಗಳೆಲ್ಲ ಪೊಳ್ಳು. ಕೊನೆಯಲ್ಲಿ ಅವನನ್ನು ತನ್ನ ಮಕ್ಕಳಲ್ಲೊಬ್ಬ ಎಂದು ಗುರುತಿಸಿ ಕೈಚಾಚಿ ಅವನ ಭುಜ ಮುಟ್ಟುತ್ತಾಳೆ. ಅವನು ಮೂರು ಗುಂಡು ಹಾರಿಸುತ್ತಾನೆ. ಈ ಗುರುತಿಸುವಿಕೆ ಆಕಾಶದಿಂದ ಉದುರಿದ್ದಲ್ಲ. ಆ ಹೊತ್ತಿಗೆ ಕೊಲೆಗಾರ ತೊಟ್ಟಿರುವುದು ಆಗಷ್ಟೇ ಕೊಲ್ಲಿಸಿದ ಅವಳ ಮಗನ ಗಿಳಿಚಿತ್ರದ ಅಂಗಿ. ದಿಗ್ಭ್ರಮೆಯಲ್ಲಿರುವ ಮುದುಕಿಗೆ ಆ ಅಂಗಿಯೂ ಅಳು ಬರುವಂತಿರುವ ಆ ಮುಖವೂ ಒಟ್ಟಿಗೇ ಕಾಣುತ್ತವೆ. ನಂಬದವನು ಇದನ್ನು ತಲೆತಿರುಗಿದ ಮುದುಕಿಯ ಭ್ರಮೆ ಎಂದು ಓದಬಹುದು, ನಂಬುವವನು ಕೃಪೆ ಎಂದು ಓದಬಹುದು. ಎರಡು ಓದಿಗೂ ಅಂಗಿ ಒಂದೇ. ಅಂಗಿಯನ್ನು ತೆಗೆದುಬಿಟ್ಟರೆ ಆ ಕತೆ ಉಪದೇಶಕ್ಕೆ ಜಾರುತ್ತಿತ್ತು.

ಗ್ರೀನರ 1940ರ ‘ದ ಪವರ್ ಅಂಡ್ ದ ಗ್ಲೋರಿ’ಯಲ್ಲಿ ಇದೇ ಕೆಲಸವನ್ನು ಒಂದು ಬಾಟಲಿ ಮಾಡುತ್ತದೆ. ಗುರುಗಳನ್ನು (ಪಾದ್ರಿಗಳನ್ನು) ಸರ್ಕಾರ ಬೇಟೆಯಾಡುತ್ತಿದ್ದ ಮೆಕ್ಸಿಕೋದಲ್ಲಿ ತಲೆಮರೆಸಿಕೊಂಡ ಕುಡುಕ ಗುರುವಿಗೆ ಬಲಿಪೂಜೆಗಾಗಿ ದ್ರಾಕ್ಷಾರಸ ಬೇಕು. ಕದ್ದುಮುಚ್ಚಿ ಒಂದು ಬಾಟಲಿ ದ್ರಾಕ್ಷಾರಸ, ಒಂದು ಬಾಟಲಿ ಬ್ರಾಂದಿ ಕೊಳ್ಳುತ್ತಾನೆ. ಮಾರಿದವನ ಮರ್ಯಾದೆಗೆಂದು ಅವನಿಗೂ ಅಲ್ಲಿ ಬಂದು ಸೇರಿದವರಿಗೂ ಕುಡಿಯಲು ಕೊಡಬೇಕಾಗುತ್ತದೆ. ಬ್ರಾಂದಿ ಕುಡಿಯಿರಿ ಎಂದರೂ ಕೇಳದೆ ಅವರು ದ್ರಾಕ್ಷಾರಸವನ್ನೇ ಮುಗಿಸುತ್ತಾರೆ. ಬಟ್ಟಿಯಿಳಿಸಿದ ಬ್ರಾಂದಿಯಿಂದ ಪೂಜೆ ಸಲ್ಲದು. ಗುರು ಅಳುತ್ತಾನೆ; ಕುಡಿದ ಅಮಲೆಂದು ಅವರು ಭಾವಿಸುತ್ತಾರೆ. ಸಂಸ್ಕಾರದ ಬೆಲೆಯ ಬಗ್ಗೆ ಒಂದು ಸಾಲೂ ವಿವರಣೆಯಿಲ್ಲ. ಬಾಟಲಿಯ ಮಟ್ಟ ಇಳಿಯುವುದನ್ನು ನೋಡುತ್ತ ಕೂತ ಓದುಗನಿಗೆ ಅದು ಬೇಕಾಗುವುದೂ ಇಲ್ಲ.

ಇದೇ ಕಾದಂಬರಿಯ ಮೇಲೆ ಬೋಧನೆಯ ಶುದ್ಧಿ ಕಾಯುವ ರೋಮಿನ ಪವಿತ್ರ ಕಚೇರಿ 1953ರಲ್ಲಿ ಆಕ್ಷೇಪವೆತ್ತಿತು, ತಿದ್ದಬೇಕೆಂದಿತು. ಗ್ರೀನ್ ತಿದ್ದಲಿಲ್ಲ. 1965ರಲ್ಲಿ ಅವರನ್ನು ಭೇಟಿಯಾದ ಪೋಪ್ ಆರನೆಯ ಪೌಲರು ಅದೇ ಪುಸ್ತಕವನ್ನು ಓದಿದ್ದರು.

ನಿಮ್ಮ ಕೈಯಲ್ಲಿ ಕರಡು ಇದ್ದರೆ ಹೀಗೆ ಮಾಡಿ. ಪಾತ್ರ ತಿರುಗುವ ಪುಟಕ್ಕೆ ಗುರುತು ಹಾಕಿ. ಅಲ್ಲಿಂದ ಹಿಂದಕ್ಕೆ ಓದುತ್ತ, ಆ ತಿರುವಿಗೆ ಆಧಾರವಾದ ವಸ್ತು ಅಥವಾ ದೇಹದ ಚಲನೆ ಮೊದಲು ಎಲ್ಲಿ ಬಂದಿದೆ ಹುಡುಕಿ. ಅದೇ ಪುಟದಲ್ಲಿ ಮೊದಲ ಸಲ ಬಂದಿದ್ದರೆ ಅಡಿಪಾಯವಿಲ್ಲ ಎಂದರ್ಥ. ಆಮೇಲೆ ದೇವರು, ಕೃಪೆ, ಪಾಪ ಎಂಬ ಪದಗಳನ್ನು ಅಳಿಸಿ ಓದಿ. ದೃಶ್ಯ ಕುಸಿದರೆ ಅಲ್ಲಿ ಪದ ಇತ್ತೇ ಹೊರತು ದೃಶ್ಯ ಇರಲಿಲ್ಲ.

ಸುಣ್ಣದಗೋಡೆ:

ಚಿತ್ರ, ಶಿಲ್ಪದ ಕಡೆಯಿಂದ ಹೇಳುತ್ತೇನೆ. ಅಲ್ಲಿ ಕೃತಿಗೆ ಜಾಗವಿದೆ, ಬಳಕೆಯಿದೆ, ಒಪ್ಪಂದವಿದೆ. ಹಾಗಾಗಿ ಪ್ರಶ್ನೆಯ ಸ್ವರೂಪವೇ ಬೇರೆ.

ಧರ್ಮಸಭೆಯ ಟ್ರೆಂಟ್ ಮಹಾಸಭೆ 1563ರ ಡಿಸೆಂಬರಿನಲ್ಲಿ ಪ್ರತಿಮೆಗಳ ಬಗ್ಗೆ ತೀರ್ಪು ಕೊಟ್ಟಿತು. ಜನರಿಗೆ ಬೋಧನೆಯಾಗಬೇಕು, ಕಾಮೋದ್ದೀಪಕವಾದದ್ದು ಕೂಡದು, ರೂಢಿಯಲ್ಲಿಲ್ಲದ ಚಿತ್ರವನ್ನು ಧರ್ಮಾಧ್ಯಕ್ಷರ ಒಪ್ಪಿಗೆಯಿಲ್ಲದೆ ಇಡಬಾರದು. ಶೈಲಿಯ ಬಗ್ಗೆ ಏನೂ ಇಲ್ಲ. ಹತ್ತು ವರ್ಷದ ಬಳಿಕ ವೆನಿಸ್ಸಿನಲ್ಲಿ ಚಿತ್ರಕಾರ ವೆರೊನೇಸೆಯನ್ನು ಧರ್ಮಸಭೆಯ ನ್ಯಾಯಮಂಡಳಿಯವರು ವಿಚಾರಣೆಗೆ ಕರೆದರು. ಕೊನೆಯ ಭೋಜನದ ಚಿತ್ರದಲ್ಲಿ ವಿದೂಷಕ, ಕುಳ್ಳರು, ಜರ್ಮನ್ ಸೈನಿಕರು, ಮೂಗಿನಲ್ಲಿ ರಕ್ತ ಸುರಿಯುವ ಸೇವಕ ಯಾಕೆ ಎಂಬುದು ಕೇಳಿದ ಪ್ರಶ್ನೆ. ಮೂರು ತಿಂಗಳೊಳಗೆ ಸ್ವಂತ ಖರ್ಚಿನಲ್ಲಿ ತಿದ್ದಬೇಕೆಂದು ಆದೇಶವಾಯಿತು. ಸುಮಾರು 13 ಮೀಟರ್ ಅಗಲದ ಆ ಕ್ಯಾನ್ವಾಸಿನ ಹೆಸರು ಬದಲಾಗಿ ‘ಲೇವಿಯ ಮನೆಯ ಔತಣ’ ಆಯಿತು, ಚಿತ್ರ ಉಳಿಯಿತು.

ಚಿತ್ರಕಾರ ಕಾರವಾಜ್ಜೊನ ಪಾಠ ಇದಕ್ಕಿಂತ ಆಳವಾದದ್ದು. ರೋಮಿನ ಸಾಂತಾ ಮಾರಿಯಾ ದೆಲ್ಲಾ ಸ್ಕಾಲಾ ದೇವಾಲಯದ ಕಾರ್ಮೆಲ್ ಸಭೆಯವರು ಅವನ ‘ಮರಿಯಳ ಮರಣ’ವನ್ನು ತಿರಸ್ಕರಿಸಿದರು. ಉಬ್ಬಿದ ದೇಹ, ಬರಿಗಾಲು, ಸ್ವರ್ಗದ ಸುಳಿವೇ ಇಲ್ಲದ ನಿಜವಾದ ಸಾವು. ಚಿತ್ರಕಾರ ರೂಬೆನ್ಸನ ಸಲಹೆಯಂತೆ ಮಾಂತುವಾದ ಡ್ಯೂಕ್ ಅದನ್ನು ಕೊಂಡ, ಈಗ ಲೂವ್ರ್‌ನಲ್ಲಿದೆ. ಕಾರ್ಮೆಲಿನವರು ಮೂರ್ಖರೆಂದು ನಗುವುದು ಸುಲಭ, ಆದರೆ ನ್ಯಾಯವಲ್ಲ. ಚಿತ್ರ ಮಾಡಿಸಿದ್ದು ಲಾಯೆರ್ಜಿಯೊ ಕೆರುಬೀನಿ ಎಂಬ ವಕೀಲ, ಆದರೆ ಅದು ಇರಬೇಕಾದದ್ದು ಅವರ ದೇವಾಲಯದಲ್ಲಿ, ಜನ ಪ್ರಾರ್ಥಿಸುವ ಬಲಿಪೀಠದ ಮೇಲೆ. ಕಲೆಯಾಗಿ ಶ್ರೇಷ್ಠವಾದದ್ದು ಆ ಪೀಠಕ್ಕೆ ಒಗ್ಗದೆ ಹೋಗಬಹುದು. ನಮ್ಮ ಕಾವ್ಯಮೀಮಾಂಸೆ ಔಚಿತ್ಯ ಎಂದು ಕರೆಯುವುದು ಇದನ್ನೇ.

ಒಗ್ಗಿದರೆ ಏನಾಗುತ್ತದೆ? ರೋಮಿನ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ದೇವಾಲಯದಲ್ಲಿ ಕಾರವಾಜ್ಜೊನದೇ ‘ಮತ್ತಾಯನ ಕರೆ’ ಇದೆ, 1599–1600ರದು. ಚಿತ್ರದ ಬೆಳಕು ಬಲಗಡೆಯಿಂದ, ಅಂದರೆ ಆ ಪ್ರಾರ್ಥನಾಲಯದ ಪೀಠವೂ ಅದರ ಮೇಲಿನ ಕಿಟಕಿಯೂ ಇರುವ ಕಡೆಯಿಂದ ಬೀಳುತ್ತದೆ. ಕ್ರಿಸ್ತನನ್ನು ಪೇತ್ರ ಬಹುಪಾಲು ಮರೆಮಾಡಿದ್ದಾನೆ. ಕ್ಷಕಿರಣ ಪರೀಕ್ಷೆಯಲ್ಲಿ ಪೇತ್ರನನ್ನು ಆಮೇಲೆ ಸೇರಿಸಿದ್ದೆಂದು ಗೊತ್ತಾಗಿದೆ. ದೈವತ್ವಕ್ಕೆ ಉಳಿದ ಗುರುತು ತೆಳ್ಳನೆಯ ಒಂದು ಪ್ರಭಾವಳಿ ರೇಖೆ ಮತ್ತು ಚಾಚಿದ ಕೈ. ಕಡಿಮೆ ಮಾಡುತ್ತ ಹೋದದ್ದೇ ಇಲ್ಲಿನ ಶಕ್ತಿ.

ಗ್ರ್ಯೂನೆವಾಲ್ಡನ ಇಸೆನ್‌ಹೈಮ್ ಬಲಿಪೀಠದ ಕ್ರಿಸ್ತನ ಮೈತುಂಬ ಹುಣ್ಣು. ಅದು ಇದ್ದದ್ದು ಆಂಟೋನೈಟ್ ಸಭೆಯ ಆಸ್ಪತ್ರೆಯಲ್ಲಿ. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಚರ್ಮ ಸುಟ್ಟಂತಾಗುವ, ಅಂಗ ಕೊಳೆಯುವ ರೋಗಿಗಳು ಆ ದೇಹವನ್ನು ನೋಡಿ ತಮ್ಮದೇ ನೋವನ್ನು ಗುರುತಿಸಬೇಕಿತ್ತು. ಅಲ್ಲಿ ನಯವಾದ ಕ್ರಿಸ್ತನನ್ನು ಬರೆದಿದ್ದರೆ ಅದು ಕಲೆಗೂ ಸುಳ್ಳು, ದೇವಶಾಸ್ತ್ರಕ್ಕೂ ಸುಳ್ಳು.

ಇನ್ನು ಪ್ಲಾಸ್ಟರ್ ಪ್ರತಿಮೆ. ಪ್ಯಾರಿಸ್ಸಿನ ಸೇಂಟ್ ಸುಲ್ಪೀಸ್ ದೇವಾಲಯದ ಸುತ್ತಲಿನ ಅಂಗಡಿಗಳಿಂದ 19ನೇ ಶತಮಾನದಲ್ಲಿ ಇವು ಜಗತ್ತಿಗೆಲ್ಲ ಹೋದವು. ಆ ಶೈಲಿಗೇ ಆ ಹೆಸರು ಬಿತ್ತು. ಸಪ್ಪೆತನಕ್ಕೆ ಕಾರಣ ಭಕ್ತಿಯಲ್ಲ, ಅಚ್ಚು. ಎರಕ ಸಲೀಸಾಗಿ ಬಿಡಬೇಕಾದರೆ ಒಳಸರಿದ ಮೂಲೆಗಳು, ಆಳದ ಮಡಿಕೆಗಳು, ಮೈಯಿಂದ ದೂರ ಚಾಚಿದ ಕೈ ಇವೆಲ್ಲ ತೊಡಕು. ಹಾಗಾಗಿ ಕೈ ಎದೆಗೆ ಅಂಟುತ್ತದೆ, ಮಡಿಕೆ ಆಳ ಕಳೆದುಕೊಳ್ಳುತ್ತದೆ. ಯಾವ ಊರಿನ ಯಾವ ಪೀಠಕ್ಕೂ ಸಲ್ಲಬೇಕಾದ್ದರಿಂದ ಮುಖಕ್ಕೆ ಯಾವ ಭಾವವನ್ನೂ ಗಟ್ಟಿಯಾಗಿ ಕೊಡುವಂತಿಲ್ಲ.

ಕಲಾವಿದನಿಗೆ ನಂಬಿಕೆ ಬೇಕೇ ಎಂಬುದಕ್ಕೆ: ಡೊಮಿನಿಕನ್ ಗುರು ಕುತೂರಿಯೇ ಅವರದು ಖಚಿತ ನಿಲುವು. ಪ್ರತಿಭೆಯಿಲ್ಲದ ಭಕ್ತನಿಗಿಂತ ಭಕ್ತಿಯಿಲ್ಲದ ಪ್ರತಿಭಾವಂತನೇ ವಾಸಿ. ಫ್ರಾನ್ಸಿನ ಅಸ್ಸಿ ಎಂಬ ಊರಿನ ದೇವಾಲಯಕ್ಕೆ ಕಥೋಲಿಕ ರುವೋನ ಜೊತೆಗೆ ಯಹೂದಿ ಲಿಪ್‌ಶಿಟ್ಸ್, ಕಮ್ಯುನಿಸ್ಟ್ ಲೆಜೆ ಕೆಲಸ ಮಾಡಿದರು. ಅಲ್ಲಿ ಜೆರ್ಮೇನ್ ರಿಶಿಯೇ ಮಾಡಿದ, ಮುಖವೇ ಇಲ್ಲದ, ತೊಗಟೆಯಂಥ ಮೈಯ ಶಿಲುಬೆಯನ್ನು 1951ರಲ್ಲಿ ಧರ್ಮಾಧ್ಯಕ್ಷರ ಆದೇಶದಂತೆ ತೆಗೆಸಿದರು. ಆಮೇಲೆ ಅದು ಪೀಠಕ್ಕೆ ಮರಳಿತು. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಧರ್ಮಸಭೆ ಯಾವ ಒಂದು ಶೈಲಿಯನ್ನೂ ತನ್ನದೆಂದು ಮಾಡಿಕೊಂಡಿಲ್ಲ ಎಂದು ಬರೆದುಕೊಟ್ಟಿತು.

ಛಂದೋಗತಿ:

ಕರಡುಪ್ರತಿಯವರ ಪದ ಅಳಿಸುವ ಪರೀಕ್ಷೆ ಎಲ್ಲ ಕಡೆ ನಡೆಯುವುದಿಲ್ಲ. ಬರ್ನಾನೋಸರ 1936ರ ‘ಹಳ್ಳಿ ಗುರುವಿನ ದಿನಚರಿ’ಯಲ್ಲಿ ದೇವರ ಮಾತು ಅಳಿಸಿದರೆ ಉಳಿಯುವುದೇನು? ಅಲ್ಲಿ ನಿರೂಪಕನೇ ಗುರು, ಅದು ಅವನ ಉಸಿರಿನ ಭಾಷೆ. ಕಾದಂಬರಿಯನ್ನು ಕಾಯುವುದು ಬೇರೆ ಎರಡು ಉಪಾಯ. ಒಂದು ಹೊಟ್ಟೆನೋವು: ಬ್ರೆಡ್ಡು, ದ್ರಾಕ್ಷಾರಸ ಬಿಟ್ಟು ಬೇರೇನೂ ಒಗ್ಗದ ಹೊಟ್ಟೆ, ಕೊನೆಗೆ ಕ್ಯಾನ್ಸರ್. ಊರವರು ಅವನನ್ನು ಕುಡುಕನೆನ್ನುತ್ತಾರೆ. ಇನ್ನೊಂದು, ಕೃಪೆಯ ಬಗೆಗಿನ ಅವನ ಕೊನೆಯ ಮಾತು ದಿನಚರಿಯಲ್ಲಿ ಇಲ್ಲವೇ ಇಲ್ಲ. ಗುರುದೀಕ್ಷೆ ತೊರೆದ ಗೆಳೆಯನೊಬ್ಬನ ಪತ್ರದಲ್ಲಿ ನಮಗೆ ಸಿಗುತ್ತದೆ. ಮಾತು ಎಷ್ಟು ದೊಡ್ಡದೋ ಅದನ್ನು ತಲುಪಿಸುವ ಕೈ ಅಷ್ಟು ಮುರಿದದ್ದಾಗಿರಬೇಕೆಂದು ಬರ್ನಾನೋಸರಿಗೆ ಗೊತ್ತಿತ್ತು.

ನಂಬಿಕೆ ಬರೀ ವಸ್ತು ಎಂಬಂತೆ ಮಾತಾಡುತ್ತಿದ್ದೇವೆ, ಅದಕ್ಕೂ ನನ್ನ ತಕರಾರಿದೆ. ಇಂಗ್ಲಿಷ್ ಕವಿ, ಜೆಸ್ವಿತ್ ಗುರು ಹಾಪ್ಕಿನ್ಸರಲ್ಲಿ ಅದು ಛಂದಸ್ಸನ್ನೇ ಬದಲಿಸಿತು. 1875ರ ಡಿಸೆಂಬರಿನಲ್ಲಿ ಡಾಯ್ಚ್‌ಲಾಂಡ್ ಹಡಗು ಒಡೆದು ಐವರು ಫ್ರಾನ್ಸಿಸ್ಕನ್ ಸನ್ಯಾಸಿನಿಯರು ಮುಳುಗಿದ ಮೇಲೆ ಅವರು 35 ಪದ್ಯಗಳ ಕವನ ಬರೆದರು. ಪದಾಂಶ ಎಣಿಸದೆ ಒತ್ತುಗಳನ್ನು ಮಾತ್ರ ಎಣಿಸುವ ಗತಿ ಅದು. ಒಂದು ಗಣದಲ್ಲಿ ಒತ್ತಿನದೂ ಸೇರಿ ಪದಾಂಶ ಒಂದೂ ಇರಬಹುದು, ನಾಲ್ಕೂ ಇರಬಹುದು. ಸೃಷ್ಟಿಯ ಪ್ರತಿ ವಸ್ತುವೂ ತನ್ನತನವನ್ನು ಸಾರುತ್ತ ಸೃಷ್ಟಿಕರ್ತನನ್ನು ಸಾರುತ್ತದೆ ಎಂದು ನಂಬಿದವರ ಕಿವಿಗೆ ಸಮನಾಗಿ ತುಳಿಯುವ ಗಣಗಳು ಸಾಲದಾದವು. ಅವರದೇ ಸಭೆಯ ಪತ್ರಿಕೆ ಅದನ್ನು ಅಚ್ಚುಮಾಡಲಿಲ್ಲ. ಸಂಕಲನ ಬಂದದ್ದು 1918ರಲ್ಲಿ, ಕವಿ ತೀರಿಕೊಂಡು 29 ವರ್ಷಕ್ಕೆ.

ಅಂಚುಬರಹ:

ಎಲ್ಲರಿಗೂ ಧನ್ಯವಾದ. ಬರ್ನಾನೋಸರ ಪತ್ರದ ಮಾತು ಹೊಳೆದೇ ಇರಲಿಲ್ಲ. ಇನ್ನೊಂದೇ ಸಂದೇಹ: ಪವಾಡವನ್ನು ಕತೆಯಲ್ಲಿ ತರಲೇಬಾರದೇ?

ಕರಡುಪ್ರತಿ:

ಛಂದೋಗತಿಯವರ ತಿದ್ದುಪಡಿ ಸರಿ. ಸನ್ಯಾಸಿಯೋ ಗುರುವೋ ನಿರೂಪಕನಾಗಿರುವ ಕಡೆ ನನ್ನ ಪರೀಕ್ಷೆ ನಡೆಯದು.

ಪವಾಡ ತರಬಹುದು, ಆದರೆ ಎಲ್ಲಿ ತರುತ್ತೀರಿ ಎಂಬುದು ಮುಖ್ಯ. ಗ್ರೀನರ 1951ರ ‘ದಿ ಎಂಡ್ ಆಫ್ ದಿ ಅಫೇರ್’ನಲ್ಲಿ ಸರಿಯಾದದ್ದೂ ತಪ್ಪಾದದ್ದೂ ಎರಡೂ ಸಿಗುತ್ತವೆ. ಬಾಂಬು ಬಿದ್ದು ನಿರೂಪಕ ಬೆಂಡ್ರಿಕ್ಸ್ ಬಾಗಿಲಿನಡಿ ಸಿಕ್ಕಿದ್ದಾನೆ. ಸತ್ತನೆಂದುಕೊಂಡ ಅವನ ಪ್ರೇಯಸಿ ಸಾರಾ ಮಂಡಿಯೂರಿ, ಅವನು ಬದುಕಿದರೆ ಅವನನ್ನು ಬಿಟ್ಟುಬಿಡುವೆನೆಂದು ಹರಕೆ ಹೊರುತ್ತಾಳೆ. ಅವನು ಎದ್ದು ಬರುತ್ತಾನೆ. ಈ ಘಟನೆ ಮೊದಲು ಹರಕೆಯ ಸುಳಿವಿಲ್ಲದೆ ಅವನ ಬಾಯಲ್ಲಿ ಬರುತ್ತದೆ, ಆಮೇಲೆ ಅವಳ ದಿನಚರಿಯಲ್ಲಿ. ಅವನು ಬರೀ ಪ್ರಜ್ಞೆ ತಪ್ಪಿದ್ದಿರಬಹುದು. ಈ ಪವಾಡ ಯಾವ ತೊಡಕನ್ನೂ ಬಿಡಿಸುವುದಿಲ್ಲ, ಇಬ್ಬರ ಬದುಕನ್ನೂ ಸಿಕ್ಕಾಗಿಸುತ್ತದೆ.

ಅವಳು ಸತ್ತ ಮೇಲೆ ಮಾತ್ರ ಒಂದರ ಹಿಂದೊಂದು: ಹುಡುಗನೊಬ್ಬನ ಕಾಯಿಲೆ ವಾಸಿಯಾಗುತ್ತದೆ, ದೇವರಿಲ್ಲವೆಂದು ಸಾರುವ ಸ್ಮೈಥ್‌ನ ಕೆನ್ನೆಯ ಹುಟ್ಟುಮಚ್ಚೆ ಮಾಯವಾಗುತ್ತದೆ. ಹುಟ್ಟುಮಚ್ಚೆಗೆ ಸಹಜ ಕಾರಣ ಹೇಳಲಾಗುವುದಿಲ್ಲ, ಆದ್ದರಿಂದ ದೇವರ ಮೇಲಿನ ಬೆಂಡ್ರಿಕ್ಸನ ಸಿಟ್ಟು ಓದುಗನ ಕಣ್ಣಿಗೆ ಬರೀ ಹಟವಾಗಿಬಿಡುತ್ತದೆ. ತಪ್ಪು ಗ್ರೀನರಿಗೇ ಹೊಳೆದು, ನಂತರದ ಆವೃತ್ತಿಯಲ್ಲಿ ಆ ಮಚ್ಚೆಯನ್ನು ಮನಸ್ಸಿನ ಒತ್ತಡದಿಂದಲೂ ಬರಬಲ್ಲ ಚರ್ಮರೋಗವಾಗಿ ಬದಲಿಸಿದರು. ಒಂದೇ ವಿವರ ಬದಲಾಯಿತು, ಅವನ ಅನುಮಾನಕ್ಕೆ ಮತ್ತೆ ನಿಲ್ಲಲು ನೆಲ ಸಿಕ್ಕಿತು. ನಿಮ್ಮ ಕತೆಯಲ್ಲಿ ಎರಡನೆಯ ಪವಾಡ ಇದ್ದರೆ, ಅದನ್ನು ಪೂರ್ತಿ ತೆಗೆದು ಒಮ್ಮೆ ಓದಿ ನೋಡಿ.