ಪಂಜರಕ್ಕೆ ಹೊಸ ಸಾಮಾನು ಹಾಕಿದರೆ ಹಕ್ಕಿ ಬೆದರುತ್ತೆ, ಏನು ಮಾಡೋದು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮ ಮನೇಲಿ ಎರಡು ವರ್ಷದ ಕಾಕಟೀಲ್ (ಜುಟ್ಟಿರೋ ಪುಟ್ಟ ಗಿಳಿ ಜಾತಿ) ಇದೆ, ಹೆಸರು ಚಿನ್ನು. ಪಂಜರದಲ್ಲಿ ಎರಡು ನುಣುಪು ಕೋಲು, ಒಂದು ಕನ್ನಡಿ ಬಿಟ್ಟರೆ ಏನೂ ಇರಲಿಲ್ಲ. ಪಾಪ ಬೇಜಾರಾಗುತ್ತೆ ಅಂತ ಹೋದ ವಾರ ಹಗ್ಗದ ಉಯ್ಯಾಲೆ, ಬಣ್ಣದ ಮರದ ತುಂಡು ಪೋಣಿಸಿದ ಆಟಿಕೆ, ಸೀಬೆ ಕೊಂಬೆ, ಮೂರನ್ನೂ ಒಟ್ಟಿಗೆ ಹಾಕಿದೆ. ಪಟಪಟ ಹಾರಿ ಸರಳಿಗೆ ಬಡಿದುಕೊಂಡಿತು. ಈಗ ಮೂಲೆ ಬಿಟ್ಟು ಕದಲಲ್ಲ, ಕಾಳಿನ ಬಟ್ಟಲು ಆಟಿಕೆ ಪಕ್ಕದಲ್ಲೇ ಇರೋದರಿಂದ ಸರಿಯಾಗಿ ತಿನ್ನುತ್ತಲೂ ಇಲ್ಲ. ಅಂಗಡಿಯವರು 'ಹಾಗೇ ಬಿಡಿ, ಎರಡು ದಿನಕ್ಕೆ ಅಭ್ಯಾಸ ಆಗುತ್ತೆ' ಅಂದರು. ಬಿಡಲಾ?

ಉತ್ತರ: ಬಿಡಬೇಡಿ. ಇವತ್ತೇ ಮೂರನ್ನೂ ತೆಗೆಯಿರಿ. ಪಂಜರದೊಳಗೆ ಅದಕ್ಕೆ ಓಡಿಹೋಗಲು ಜಾಗ ಇಲ್ಲ, ಹಾಗಾಗಿ ಅದು ಅಭ್ಯಾಸ ಮಾಡಿಕೊಳ್ಳೋದಲ್ಲ, ಸುಮ್ನೆ ಸೋತು ಕೂತಿರುತ್ತೆ. ಕಾಡಲ್ಲಿ ಇವು ಬೇರೆಯವರಿಗೆ ಬೇಟೆಯಾಗೋ ಹಕ್ಕಿಗಳು, ಗೊತ್ತಿಲ್ಲದ್ದನ್ನು ಕಂಡರೆ ದೂರ ಹೋಗೋದೇ ಅವುಗಳ ಬುದ್ಧಿ. ಚಿಕ್ಕಂದಿನಿಂದ ಎರಡೇ ಕೋಲು ನೋಡಿ ಬೆಳೆದ ಹಕ್ಕಿಗೆ ಈ ಭಯ ಇನ್ನೂ ಜಾಸ್ತಿ.

ಮೊದಲು ಊಟ ಸರಿಯಾಗಲಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಗ್ಗೆ ಕಾಳು ಹಾಕೋ ಮುಂಚೆ ತೂಗಿ ಬರೆದಿಡಿ. ಕಾಕಟೀಲ್ ಸಾಮಾನ್ಯವಾಗಿ 80ರಿಂದ 110 ಗ್ರಾಂ ಇರುತ್ತೆ. ಅದರ ಮಾಮೂಲಿ ತೂಕದಲ್ಲಿ ಹತ್ತನೇ ಒಂದು ಭಾಗ ಇಳಿದರೆ, ಅಥವಾ ಇಡೀ ದಿನ ಏನೂ ಮುಟ್ಟದಿದ್ದರೆ, ಹಿಕ್ಕೆ ಹಾಕೋದು ತೀರಾ ಕಡಿಮೆಯಾದರೆ ಕಾಯಬೇಡಿ, ಹಕ್ಕಿ ನೋಡುವ ವೈದ್ಯರ ಹತ್ತಿರ ಹೋಗಿ. ಈ ಜೀವಗಳು ಕಾಯಿಲೆಯನ್ನು ಕೊನೇವರೆಗೂ ಮುಚ್ಚಿಡುತ್ತವೆ.

ತಿನ್ನೋಕೆ ಶುರು ಮಾಡಿದ ಮೇಲೆ ಒಂದೇ ವಸ್ತು ತಗೊಳ್ಳಿ. ದೊಡ್ಡ ಆಟಿಕೆ ಬೇಡ, ಅದನ್ನು ಬಿಚ್ಚಿ ಒಂದೇ ಮರದ ತುಂಡು ಸಾಕು. ಅದನ್ನು ಕೋಣೆಯ ಆ ತುದಿಯಲ್ಲಿ, ಕಣ್ಣಿಗೆ ಕಾಣೋ ಹಾಗೆ ಇಡಿ. ನೀವೇ ಎತ್ತಿ ತಿರುಗಿಸಿ, ಲೊಟಲೊಟ ಸದ್ದು ಮಾಡಿ, ಚಿನ್ನು ಕಡೆ ನೋಡದೇ ಆಟ ಆಡಿ. ಮನೆಯವರು ನಗಲಿ ಬಿಡಿ. ಚಿನ್ನು ನಿರಾಳವಾಗಿ ಕೂತು ರೆಕ್ಕೆ ತಿದ್ದಿಕೊಳ್ಳುತ್ತಿದ್ದರೆ ಒಂದಿಷ್ಟು ಹತ್ತಿರ ತನ್ನಿ.

ಎಷ್ಟು ಹತ್ತಿರ ಅಂತ ಹೇಳೋದು ನಾನೂ ಅಲ್ಲ, ನೀವೂ ಅಲ್ಲ, ಅದರ ಮೈ. ಪುಕ್ಕ ಮೈಗೆ ಅಂಟಿಸಿಕೊಂಡು ಕಡ್ಡಿಯ ಹಾಗೆ ಉದ್ದಕ್ಕೆ ನಿಂತು, ಜುಟ್ಟು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೇ ನೋಡಿದರೆ ನೀವು ಮುಂದೆ ಬಂದುಬಿಟ್ಟಿದ್ದೀರಿ, ಹಿಂದೆ ಹೋಗಿ. ಬಾಯಿ ತೆರೆದು ಏದುಸಿರು ಬಿಟ್ಟರೆ, ಬುಸ್ ಅಂದರೆ, ಆ ದಿನಕ್ಕೆ ಮುಗಿಸಿ.

ಪ್ರತಿ ಹೆಜ್ಜೆಗೂ ನವಣೆ ತೆನೆಯ ಒಂದು ಚೂರು ಕೊಡಿ. ಇದನ್ನು ಬೇರೆ ಹೊತ್ತಲ್ಲಿ ಕೊಡಬೇಡಿ, ಆಗಲೇ ಅದಕ್ಕೆ ಬೆಲೆ. ಪಂಜರದ ಹತ್ತಿರ ಬಂದ ಮೇಲೆ ಹೊರಗಿನಿಂದ ಸರಳಿಗೆ ಕಟ್ಟಿ, ಕೂರೋ ಕೋಲಿಗಿಂತ ಕೆಳಗೆ. ತಲೆ ಮೇಲೆ ತೂಗಾಡೋದು ಜಾಸ್ತಿ ಹೆದರಿಸುತ್ತೆ. ಒಳಗೆ ಹಾಕುವಾಗಲೂ ಊಟ, ನೀರು, ಮಲಗೋ ಜಾಗದಿಂದ ದೂರ. ಕೆಲವಕ್ಕೆ ವಾರ ಸಾಕು, ಕೆಲವಕ್ಕೆ ತಿಂಗಳು.

ಸೀಬೆ ಕೊಂಬೆ ಒಳ್ಳೇದು, ಔಷಧಿ ಹೊಡೆಯದ ಮರದ್ದಾದರೆ. ತೊಳೆದು ಬಿಸಿಲಲ್ಲಿ ಒಣಗಿಸಿ. ಒಂದೇ ದಪ್ಪದ ನುಣುಪು ಕೋಲಿನ ಮೇಲೆ ಸದಾ ನಿಂತರೆ ಅಂಗಾಲಲ್ಲಿ ಹುಣ್ಣಾಗುತ್ತೆ. ಆದರೆ ಹಳೇ ಕೋಲನ್ನು ಈಗಲೇ ತೆಗೀಬೇಡಿ. ಕಣಗಿಲೆ ಕೊಂಬೆ ಮಾತ್ರ ಎಂದಿಗೂ ಬೇಡ, ವಿಷ. ಉಯ್ಯಾಲೆಯ ಹಗ್ಗ ಎಳೆ ಬಿಟ್ಟಿದ್ದರೆ ಎಸೆಯಿರಿ, ಉಗುರು ಸಿಕ್ಕಿಕೊಳ್ಳುತ್ತೆ.

ಇನ್ನೊಬ್ಬರು: ಮೇಡಂ, ನಮ್ಮದಕ್ಕೆ ಪಂಜರವನ್ನೇ ಬದಲಾಯಿಸಬೇಕು. ಹೊಸದರ ಹತ್ತಿರ ಕೂಡ ಬರಲ್ಲ.

ಉತ್ತರ: ಎರಡನ್ನೂ ಬಾಗಿಲಿಗೆ ಬಾಗಿಲು ತಾಗಿಸಿ ತೆರೆದಿಡಿ, ಮಧ್ಯೆ ಸಂದು ಇರಬಾರದು. ಹೊಸದರಲ್ಲಿ ಅದರ ಹಳೇ ಕೋಲೊಂದನ್ನು ಹಾಕಿ, ತೆನೆ ಬಾಗಿಲ ಹತ್ತಿರ ಕಟ್ಟಿ. ಕೈಯಲ್ಲಿ ಹಿಡಿದು ತುರುಕಿದರೆ ಆಮೇಲೆ ನಿಮ್ಮ ಕೈಗೂ ಹೆದರುತ್ತೆ.

ಮತ್ತೊಬ್ಬರು: ಇದೇ ಉಪಾಯ ನಮ್ಮ ಹಸಿರು ಗಿಳಿಗೂ ಆಗುತ್ತಾ? ಕೆಂಪು ಕೊಕ್ಕು, ಕತ್ತಲ್ಲಿ ಗುಲಾಬಿ ಪಟ್ಟಿ.

ಉತ್ತರ: ಉಪಾಯ ಆಗುತ್ತೆ, ಆದರೆ ಆ ಗಿಳಿ ನಮ್ಮ ನಾಡಿನದು. ಅದನ್ನು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ರೆಕ್ಕೆ ಕತ್ತರಿಸಿದ್ದರೆ ಸುಮ್ನೆ ಹಾರಿಬಿಡಬೇಡಿ, ಬೆಕ್ಕು ಕಾಗೆ ಪಾಲಾಗುತ್ತೆ. ಅರಣ್ಯ ಇಲಾಖೆಗೆ ತಿಳಿಸಿ ಒಪ್ಪಿಸಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ, ತೆಗೆದೆ. ತೆಗೆದ ಕೂಡಲೇ ಕಾಳಿಗೆ ಬಂತು! ಆದರೆ ರಾತ್ರಿ ಕೂಡ ಇದ್ದಕ್ಕಿದ್ದಂತೆ ಬಡಿದಾಡುತ್ತೆ, ಅದೂ ಇದರಿಂದಲೇನಾ?

ಉತ್ತರ: ಇರಬಹುದು, ಆದರೆ ಕಾಕಟೀಲ್‌ಗಳಿಗೆ ಕತ್ತಲಲ್ಲಿ ಬೆಚ್ಚಿಬೀಳೋದು ಮೊದಲಿಂದಲೂ ಇದೆ. ಹಲ್ಲಿ ಓಡಿದರೆ, ಬೈಕಿನ ದೀಪ ಗೋಡೆ ಮೇಲೆ ಹಾದರೆ ಸಾಕು. ಕೋಣೆಯಲ್ಲಿ ಒಂದು ಝೀರೋ ಬಲ್ಬ್ ಹಾಕಿಡಿ, ಪಂಜರ ಕಿಟಕಿಯಿಂದ ಸರಿಸಿ. ಬಡಿದಾಡಿದಾಗ ಪಂಜರಕ್ಕೆ ಹೊದಿಸಿದ ಬಟ್ಟೆ ಎಳೆದು ಒಳಗೆ ಕೈ ಹಾಕಬೇಡಿ, ದೀಪ ಹಾಕಿ ಮೆಲ್ಲಗೆ ಮಾತಾಡಿಸಿ. ಬೆಳಗ್ಗೆ ರೆಕ್ಕೆಯಲ್ಲಿ ರಕ್ತ ಇದೆಯಾ ನೋಡಿ, ಇದ್ದರೆ ಫೋಟೋ ಕಳಿಸಿ.