‘ಇವತ್ತು ತುಂಬಾ ಕ್ಲೋಸ್’ ಅಂದರೆ ಏನರ್ಥ?

ಪ್ರಶ್ನೆ: ಹಾಸನದ ತಾತ

ನಾನು ಬ್ಯಾಂಕಿನಲ್ಲಿ 31 ವರ್ಷ ದುಡಿದು ನಿವೃತ್ತನಾದವನು. ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊನ್ನೆ ಹಾಲು ತರಲು ಹೊರಟಾಗ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ‘ಇಟ್ಸ್ ವೆರಿ ಕ್ಲೋಸ್ ಟುಡೇ’ ಅಂದರು. ಅಂಗಡಿ ಮುಚ್ಚಿದೆ ಅಂದುಕೊಂಡು, ಎಷ್ಟು ಗಂಟೆಗೆ ತೆಗೀತಾರೆ ಎಂದು ಕೇಳಿದೆ. ಅಜ್ಜಿ ಆಕಾಶ ನೋಡಿದರು, ನನ್ನ ಮುಖ ನೋಡಿದರು, ಸುಮ್ಮನಾದರು. ಹೋಗಿ ನೋಡಿದರೆ ಅಂಗಡಿ ತೆಗೆದೇ ಇತ್ತು.

ನನಗೆ ಗೊತ್ತಿರುವುದು ಎರಡೇ. ಅಕೌಂಟ್ ಕ್ಲೋಸ್ ಮತ್ತು ಕ್ಲೋಸ್ ಫ್ರೆಂಡ್. ಇಲ್ಲಿ ನೋಡಿದರೆ ಮಗಳ ಮನೆಯ ವಿಳಾಸದಲ್ಲೂ ರೋಡ್, ಸ್ಟ್ರೀಟ್ ಯಾವುದೂ ಇಲ್ಲ, ‘ಕ್ಲೋಸ್’ ಅಂತಿದೆ. ರಾತ್ರಿ ಟೀವಿಯಲ್ಲಿ ಕ್ವಿಜ್ ನೋಡುವಾಗ ನನ್ನ ಉತ್ತರ ಸ್ವಲ್ಪದರಲ್ಲಿ ತಪ್ಪಿದರೆ ಅಳಿಯಂದಿರು ‘ಕ್ಲೋಸ್, ಬಟ್ ನೋ ಸಿಗಾರ್’ ಅಂತಾರೆ. ನಾನು ಬೀಡಿ ಕೂಡ ಮುಟ್ಟಿದವನಲ್ಲ. ಇವಕ್ಕೆಲ್ಲ ಒಂದಕ್ಕೊಂದು ನಂಟಿದೆಯಾ?

ಉತ್ತರ: ಶಿರಸಿಯ ಇಂಗ್ಲಿಷ್ ಮೇಷ್ಟ್ರು

ನಂಟಿದೆ ಸಾರ್. ಎಲ್ಲದರ ಬೇರೂ ‘ಮುಚ್ಚು’. ಲ್ಯಾಟಿನ್ನಿನಲ್ಲಿ ‘ಕ್ಲಾಡೆರೆ’ ಅಂದರೆ ಮುಚ್ಚುವುದು. ಅದು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಎರಡು ಹಲಗೆಗಳ ನಡುವಿನ ಸಂದು ಮುಚ್ಚಿಕೊಂಡರೆ ಹಲಗೆಗಳು ಹತ್ತಿರ ಬಂದವು ತಾನೇ? ಹತ್ತಿರ ಅನ್ನುವ ಅರ್ಥ ಹುಟ್ಟಿದ್ದು ಹೀಗೆ. ಮುಷ್ಟಿ ಮುಚ್ಚಿಕೊಂಡೇ ಇರುವವನು ‘ಕ್ಲೋಸ್ ಫಿಸ್ಟೆಡ್’, ಅಂದರೆ ಜಿಪುಣ. ನಾವೂ ಕೈ ಬಿಗಿ ಅನ್ನುವುದಿಲ್ಲವೇ?

ಅಜ್ಜಿ ಹೇಳಿದ್ದು ಹವೆಯ ವಿಚಾರ. ಗಾಳಿ ಆಡುತ್ತಿಲ್ಲ, ಕಿಟಕಿ ಹಾಕಿದ ಕೋಣೆಯಲ್ಲಿ ಕೂತ ಹಾಗೆ ಸೆಕೆ. ಮಳೆ ಬರುವ ಮುಂಚೆ ಮೈ ಅಂಟಂಟು ಆಗುತ್ತದಲ್ಲ, ಅದು. ನಿಮಗೆ ಕೈಕೊಟ್ಟಿದ್ದು ಉಚ್ಚಾರ. ಮುಚ್ಚುವುದಕ್ಕೆ ಅವರು ‘ಕ್ಲೋಜ್’ ಅನ್ನುತ್ತಾರೆ, ಕೊನೆಗೆ ಜ ಥರದ ದನಿ. ಹತ್ತಿರ, ಸೆಕೆ, ರಸ್ತೆ ಮೂರಕ್ಕೂ ಸ. ನಾವು ಎಲ್ಲದಕ್ಕೂ ಸ ಹಾಕಿಬಿಡುತ್ತೇವೆ. ಅಂಗಡಿ ಮುಚ್ಚಿದ್ದರೆ ಅಜ್ಜಿ ‘ಕ್ಲೋಜ್ಡ್’ ಅನ್ನುತ್ತಿದ್ದರು.

ಸಿಗಾರ್ ಅಮೆರಿಕದ ಜಾತ್ರೆಗಳಿಂದ ಬಂದದ್ದು ಅನ್ನುತ್ತಾರೆ. ಆಟದಲ್ಲಿ ಗೆದ್ದವರಿಗೆ ಬಹುಮಾನ ಸಿಗಾರ್. ಗುರಿ ಒಂದಿಂಚು ತಪ್ಪಿದರೂ ಬರಿಗೈ. ಅಂದಹಾಗೆ ‘ಕ್ಲೋಸ್ ಶೇವ್’ ಅನ್ನು ‘ಹತ್ತಿರದ ಕ್ಷೌರ’ ಎಂದು ಬರೆದ ಉತ್ತರ ಪತ್ರಿಕೆಯನ್ನು ನಾನೇ ತಿದ್ದಿದ್ದೇನೆ! ಅವರು ಕ್ಷೌರದ ಕತ್ತಿಯಿಂದ ಪಾರಾಗುತ್ತಾರೆ, ನಾವು ಕೂದಲೆಳೆಯಲ್ಲಿ ಪಾರಾಗುತ್ತೇವೆ. ಆ ಹುಡುಗನಿಗೆ ಅರ್ಧ ಅಂಕ ಕೊಟ್ಟೆ, ನಗಿಸಿದ್ದಕ್ಕೆ.

ಉತ್ತರ: ಎಡಿನ್‌ಬರೋದಲ್ಲಿ ಓದುತ್ತಿರುವವಳು

ತಾತ, ನಿಮ್ಮ ಮಗಳ ರಸ್ತೆ ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ ಅಲ್ವಾ? ಹೋದ ದಾರಿಯಲ್ಲೇ ವಾಪಸ್ ಬರಬೇಕು. ಆ ಕಡೆ ಮುಚ್ಚಿರುವುದರಿಂದ ಅದು ಕ್ಲೋಸ್.

ಇಲ್ಲಿ ರಾಯಲ್ ಮೈಲ್ ರಸ್ತೆಯ ಎರಡೂ ಬದಿಗೆ ಕ್ಲೋಸ್‌ಗಳೇ. ಎತ್ತರದ ಕಟ್ಟಡಗಳ ನಡುವೆ ಇಳಿದು ಹೋಗುವ ಸಂದಿಗಳು. ಕೆಲವು ಎಷ್ಟು ಕಿರಿದು ಅಂದರೆ, ಎದುರಿಗೆ ಯಾರಾದರೂ ಛತ್ರಿ ಹಿಡಿದು ಬಂದರೆ ನಾನು ಗೋಡೆಗೆ ಒತ್ತಿಕೊಂಡು ನಿಲ್ಲುತ್ತೇನೆ. ಹಿಂದೆ ರಾತ್ರಿ ಬಾಗಿಲು ಹಾಕುತ್ತಿದ್ದರಂತೆ. ಮೇರಿ ಕಿಂಗ್ಸ್ ಕ್ಲೋಸ್ ಅಂತ ಒಂದಿದೆ. 1753ರಲ್ಲಿ ಅದರ ಮೇಲೆಯೇ ದೊಡ್ಡ ಕಟ್ಟಡ ಎಬ್ಬಿಸಲು ಶುರು ಮಾಡಿದರು. ಈಗ ಆ ಓಣಿ ನೆಲದಡಿ, ಟಿಕೆಟ್ ತಗೊಂಡು ಇಳಿದು ನೋಡಬೇಕು.

ಗ್ಲಾಸ್ಗೋಗೆ ಹೋದರೆ ಮತ್ತೆ ಬೇರೆ ಕಥೆ. ಅಲ್ಲಿ ಹಳೇ ವಠಾರದಂಥ ಕಟ್ಟಡಗಳಲ್ಲಿ ಎಲ್ಲ ಮನೆಯವರಿಗೂ ಸೇರಿದ ಮೆಟ್ಟಿಲ ಜಾಗವೇ ಕ್ಲೋಸ್. ಗೆಳತಿ ‘ಕ್ಲೋಸ್ ತೊಳೆಯುವ ಸರದಿ ನಮ್ಮದು’ ಅಂದಾಗ ನನಗೂ ತಲೆಬುಡ ತಿಳಿಯಲಿಲ್ಲ.

ಉತ್ತರ: ಕ್ರಿಕೆಟ್ ಹುಚ್ಚ, ಮೈಸೂರು

ಕ್ರಿಕೆಟ್ ಬಿಟ್ಟೇಬಿಟ್ಟಿರಲ್ಲ! ಮೇಷ್ಟ್ರು ಹೇಳಿದ ಎರಡು ಉಚ್ಚಾರವೂ ಅಲ್ಲಿವೆ. ‘ಕ್ಲೋಸ್ ಇನ್ ಫೀಲ್ಡರ್’ಗೆ ಸ, ದಿನದಾಟ ಮುಗಿಯುವ ‘ಕ್ಲೋಸ್ ಆಫ್ ಪ್ಲೇ’ಗೆ ಜ. 1971ರಲ್ಲಿ ಓವಲ್‌ನಲ್ಲಿ ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತರಲ್ಲ, ಆ ತಂಡದಲ್ಲಿ ಬ್ಯಾಟಿಗೆ ತೀರಾ ಕ್ಲೋಸ್ ನಿಲ್ಲುತ್ತಿದ್ದವರು ಏಕನಾಥ್ ಸೋಲ್ಕರ್. ಇನ್ನೊಂದು ತಮಾಷೆ. 1967ರಲ್ಲಿ ನಮ್ಮವರು ಅಲ್ಲಿಗೆ ಹೋದಾಗ ಇಂಗ್ಲೆಂಡಿನ ಕ್ಯಾಪ್ಟನ್ ಹೆಸರೇ ಬ್ರಯಾನ್ ಕ್ಲೋಸ್. ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ ಮೂಗಿನ ಕೆಳಗೇ ನಿಲ್ಲುತ್ತಿದ್ದ ಪುಣ್ಯಾತ್ಮ!

ಹಾಸನದ ತಾತ

ಎಲ್ಲರಿಗೂ ಥ್ಯಾಂಕ್ಸ್. ಓವಲ್ ಮ್ಯಾಚಿನ ಕಾಮೆಂಟರಿಯನ್ನು ರೇಡಿಯೊಗೆ ಕಿವಿ ಒತ್ತಿ ಕೇಳಿದವನು ನಾನು. ಈ ಪದ ಆಗಲೂ ಕಿವಿಗೆ ಬಿದ್ದಿರಬೇಕು, ವಿಕೆಟ್ ಬಿದ್ದ ಖುಷಿಯಲ್ಲಿ ಯಾರಿಗೆ ಬೇಕಿತ್ತು ಅರ್ಥ.

ನಮ್ಮ ‘ಹತ್ರ’ವೂ ಏನು ಕಡಿಮೆಯಿಲ್ಲ ಬಿಡಿ. ಬಂದ ವಾರದಲ್ಲೇ ಬಸ್ಸಿನವನಿಗೆ ‘ನನ್ನ ಹತ್ರ ಚಿಲ್ಲರೆ ಇಲ್ಲ’ ಅನ್ನುವುದನ್ನು ‘ಚೇಂಜ್ ಈಸ್ ನಾಟ್ ನಿಯರ್ ಮಿ’ ಅಂದಿದ್ದೆ. ಪಾಪ, ಅವನು ಸೀಟಿನ ಕೆಳಗೆ ಬಗ್ಗಿ ನೋಡಿದ.

ನಿನ್ನೆ ಮಳೆ ಬಂದು ತಂಪಾಯಿತು. ಬೆಳಿಗ್ಗೆ ಅಜ್ಜಿ ಸಿಕ್ಕಾಗ ಸ ಅನ್ನು ಒತ್ತಿ, ‘ನಾಟ್ ಕ್ಲೋಸ್ ಟುಡೇ’ ಅಂದೆ. ‘ಯಾವುದು, ಅಂಗಡಿಯೇ?’ ಎಂದು ಕೇಳಿದರು.